ಹಸಿರು ಬಳೆ ಅಸಲಿ ಜೇಡೇ ಎಂದು ಮನೆಯಲ್ಲೇ ತಿಳಿಯಬಹುದೇ?

ಪ್ರಶ್ನೆ (ಗಂಗಾವತಿ):
ಮಗಳ ನಿಶ್ಚಿತಾರ್ಥಕ್ಕೆಂದು ಹಸಿರು ಕಲ್ಲಿನ ಬಳೆಯೊಂದನ್ನು, ಬರ್ಮಾದ ಅಸಲಿ ಜೇಡ್ ಎಂಬ ಅಂಗಡಿಯವರ ಮಾತು ನಂಬಿ, 6,500 ರೂಪಾಯಿಗೆ ತಂದಿದ್ದೇನೆ. ಬೇಡವಾದರೆ ನಾಲ್ಕು ದಿನದೊಳಗೆ ಹಿಂದಿರುಗಿಸಬಹುದು. ಬಳೆ ಕೈಗೆ ತಣ್ಣಗಿದೆ, ಚಾಕುವಿನಿಂದ ಗೀರಿದರೆ ಗೆರೆ ಬೀಳಲಿಲ್ಲ, ದಾರ ಸುತ್ತಿ ಕಡ್ಡಿ ಗೀರಿ ಹಿಡಿದರೆ ದಾರ ಹೊತ್ತಲಿಲ್ಲ. ಇಷ್ಟು ಸಾಕೇ?

ಉತ್ತರ (ರಾಯಚೂರು, ಪತ್ತಾರಿಕೆ ವೃತ್ತಿ):
ಸಾಲದು. ಈ ಮೂರನ್ನೂ ಅವೆಂಚುರಿನ್ ಎಂಬ ಅಗ್ಗದ ಹಸಿರು ಕ್ವಾರ್ಟ್ಸ್ ಸಲೀಸಾಗಿ ದಾಟುತ್ತದೆ. 1ರಿಂದ 10ರವರೆಗಿನ ಮೋಸ್ ಮಾಪನದಲ್ಲಿ ಅದರ ಗಡಸುತನ 7ರ ಆಸುಪಾಸು, ಅಸಲಿ ಜೇಡ್‌ನ ಒಂದು ಬಗೆಯಾದ ಜೇಡೈಟ್‌ನದು 6.5ರಿಂದ 7; ಚಾಕುವಿಗೆ ಎರಡೂ ಬಗ್ಗುವುದಿಲ್ಲ. ದಾರ ಹೊತ್ತದಿರುವುದು ಕಲ್ಲು ಕಾವನ್ನು ಎಳೆದುಕೊಳ್ಳುವುದರಿಂದಲೇ ಹೊರತು ಅದರ ಕುಲದಿಂದಲ್ಲ.

ನಂಬಬಹುದಾದದ್ದು ತೂಕ. ಪತ್ತಾರರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಬಳೆಯನ್ನು ತೂಗಿ ಬರೆದಿಟ್ಟುಕೊಳ್ಳಿ. ಬಳಿಕ ನೀರಿನ ಲೋಟವನ್ನಿಟ್ಟು ಸೊನ್ನೆ ಮಾಡಿ, ಬಳೆಯನ್ನು ದಾರದಲ್ಲಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಅಂಚಿಗೂ ತಾಗದಂತೆ ಇಳಿಬಿಡಿ. ಅಂಟಿದ ಗಾಳಿಗುಳ್ಳೆಗಳನ್ನು ಕೊಡವಿರಿ. ಮೊದಲ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿದರೆ ಜೇಡೈಟ್‌ಗೆ ಸುಮಾರು 3.3, ಜೇಡ್‌ನ ಇನ್ನೊಂದು ಬಗೆಯಾದ ನೆಫ್ರೈಟ್‌ಗೆ 2.95, ಅವೆಂಚುರಿನ್‌ಗೆ 2.65 ಬರುತ್ತದೆ. ಜೇಡ್ ಎಂಬ ಹೆಸರು ಸಲ್ಲುವುದು ಮೊದಲ ಎರಡಕ್ಕೆ ಮಾತ್ರ.

ಉತ್ತರ (ಬಳ್ಳಾರಿ):
ತೂಕ ಸರಿಬಂದರೂ ಕಲ್ಲು ಸಂಸ್ಕರಿಸಿದ್ದಾಗಿರಬಹುದು ಎಂಬುದನ್ನು ಸೇರಿಸಬೇಕು. ಮೇಣದ ಹೊಳಪನ್ನು ಬಿಟ್ಟರೆ ಬೇರೇನೂ ಮಾಡದ ಜೇಡೈಟ್ ‘ಎ’. ಆಮ್ಲದಲ್ಲಿ ಕಲೆ ತೆಗೆದು, ಟೊಳ್ಳಾದ ಸಂದುಗಳಿಗೆ ಪಾಲಿಮರ್ ತುಂಬಿದ್ದು ‘ಬಿ’. ಬಣ್ಣ ಹಾಕಿದ್ದು ‘ಸಿ’. ಬಣ್ಣ ಹಾಕಿದ್ದಾದರೆ ಹಿಂದಿನಿಂದ ಟಾರ್ಚ್ ಹಿಡಿದಾಗ ಹಸಿರು ಸಣ್ಣ ಬಿರುಕುಗಳಲ್ಲಿ ಎಳೆಎಳೆಯಾಗಿ ನಿಂತಿರುವುದು ಕಾಣಬಹುದು. ‘ಬಿ’ ಕಲ್ಲಿನ ಮೇಲ್ಮೈಯಲ್ಲಿ, ಹತ್ತು ಪಟ್ಟಿನ ಮಸೂರದಡಿ, ಆಮ್ಲ ಕೊರೆದ ಗೆರೆಗಳು ಜೇಡರಬಲೆಯಂತೆಯೇ ತೋರುತ್ತವೆ. (ನಮ್ಮ ಜೇಡಕ್ಕೂ ಈ ಜೇಡ್‌ಗೂ ಇರುವ ನಂಟು ಇಷ್ಟೇ.) ಆದರೂ ‘ಎ’ ಯಾವುದು, ‘ಬಿ’ ಯಾವುದು ಎಂದು ಖಚಿತವಾಗಿ ಹೇಳಲು ಪ್ರಯೋಗಾಲಯದ ಇನ್ಫ್ರಾರೆಡ್ ಪರೀಕ್ಷೆಯೇ ಬೇಕು. ದೊಡ್ಡ ಮೊತ್ತ ಕೊಡುವಾಗ ಆ ಪ್ರಮಾಣಪತ್ರವಿಲ್ಲದೆ ನಾನಂತೂ ಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು:
ಪರಿಚಯದ ಪತ್ತಾರರಲ್ಲಿ ತೂಗಿಸಿದೆ. ಬಳೆ 42.6 ಗ್ರಾಂ, ನೀರಿನಲ್ಲಿ ಕಂಡದ್ದು 16.0, ಭಾಗಿಸಿದರೆ 2.66. ಮಸೂರ ಹಿಡಿದು ಬಿಸಿಲಿಗೆ ಓರೆಯಾಗಿಸಿದಾಗ ಒಳಗೆ ಅಭ್ರಕದ ಚೂರುಗಳು ಮಿನುಗಿದವು.

ಉತ್ತರ (ರಾಯಚೂರು):
ಹಾಗಾದರೆ ಅವೆಂಚುರಿನ್ ಎಂಬುದರಲ್ಲಿ ಸಂಶಯ ಬೇಡ. ಬಿಲ್ಲಿನಲ್ಲಿ ಏನೆಂದು ಬರೆದಿದ್ದಾರೆ?

ಪ್ರಶ್ನೆ ಕೇಳಿದವರು:
ಈಗಷ್ಟೇ ತೆಗೆದು ನೋಡಿದೆ. ‘ಹಸಿರು ಕಲ್ಲಿನ ಬಳೆ, 1’ ಎಂದಷ್ಟೇ ಇದೆ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಅಲ್ಲಿರುತ್ತೇನೆ.