‘ಪಳೆಯುಳಿಕೆ’ ಎಂಬ ಪದದ ವ್ಯಾಪ್ತಿ ಎಷ್ಟು?

ಮಾನ್ಯರೇ,

ಹಾಸನದಲ್ಲಿ ಕಲ್ಲು, ಖನಿಜಗಳ ವಿಷಯದಲ್ಲಿ ಆಸಕ್ತಿಯುಳ್ಳ ಕೆಲವರು ಸೇರಿ ಭಾನುವಾರಗಳಂದು ಸುತ್ತಲಿನ ಬೆಟ್ಟ, ಹಳ್ಳ, ಕೈಬಿಟ್ಟ ಕಲ್ಲುಕ್ವಾರಿಗಳನ್ನು ನೋಡಿ ಬರುತ್ತೇವೆ. ನಮ್ಮಲ್ಲಿ ಭೂವಿಜ್ಞಾನ ಓದಿದವರು ಒಬ್ಬಿಬ್ಬರು. ಉಳಿದವರು ಶಿಕ್ಷಕರು, ಕಾಫಿ ಬೆಳೆಗಾರರು, ನಿವೃತ್ತರು. ಶಾಲಾ ಮಕ್ಕಳಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದು, ‘ಪಳೆಯುಳಿಕೆ’ ಎಂಬ ಪದದ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಪಠ್ಯಪುಸ್ತಕಗಳಲ್ಲಿ ಈ ಪದಕ್ಕೆ ಫಾಸಿಲ್, ಅಂದರೆ ಕಲ್ಲಿನಲ್ಲಿ ಉಳಿದ ಪುರಾತನ ಜೀವಿಯ ಅವಶೇಷ ಅಥವಾ ಗುರುತು ಎಂದೇ ಅರ್ಥ. ಊರುಗಳಲ್ಲಿ ಹಾಗಿಲ್ಲ. ಪಳೆಯುಳಿಕೆ ನೋಡಲು ಬಂದಿದ್ದೇವೆ ಎಂದರೆ ಹಿರಿಯರು ಆದರದಿಂದ ಕೆರೆ ಏರಿಯ ಮೇಲಿನ ವೀರಗಲ್ಲಿಗೋ, ಲಂಟಾನದ ಪೊದೆಯಲ್ಲಿ ಬಿದ್ದಿರುವ ಹೊಯ್ಸಳರ ಕಾಲದ ಕಂಬದ ಬಳಿಗೋ ಕರೆದೊಯ್ಯುತ್ತಾರೆ. ಅವರ ಬಳಕೆಯನ್ನು ತಪ್ಪೆನ್ನಲಾಗದು. ಹಳಗನ್ನಡದ ‘ಪೞೆಯ’ ಎಂಬುದರ ಪಕಾರವನ್ನು ಉಳಿಸಿಕೊಂಡು, ೞಕಾರವನ್ನು ಳಕಾರವಾಗಿಸಿ, ‘ಉಳಿಕೆ’ಯೊಡನೆ ಕೂಡಿಸಿದ ಈ ಪದದಲ್ಲಿ ಜೀವಿಯ ಸುಳಿವೇ ಇಲ್ಲ. ‘ಜೀವ್ಯವಶೇಷ’, ‘ಜೀವಾವಶೇಷ’ ಎಂಬ ರೂಪಗಳು ಅರ್ಥದಲ್ಲಿ ಖಚಿತವಾಗಿವೆ (ಪೂರ್ವಪದ ‘ಜೀವಿ’ಯೋ ‘ಜೀವ’ವೋ ಎಂಬುದನ್ನು ಅವಲಂಬಿಸಿ ಎರಡೂ ಸಂಧಿಗಳು ಸರಿಯೇ), ಆದರೆ ಏಳನೆಯ ತರಗತಿಯ ಮಕ್ಕಳ ನಾಲಿಗೆಗೆ ಅವು ಒಗ್ಗುತ್ತವೆಂದು ನನಗೆ ತೋರುವುದಿಲ್ಲ.

ನಮ್ಮ ಸೀಮೆಯ ಕಲ್ಲುಗಳಲ್ಲಿ ಎಲುಬು, ಚಿಪ್ಪು ಸಿಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಗೊರೂರಿನ ಸುತ್ತಿನ ನೈಸ್ ಎಂಬ ಪಟ್ಟೆಪಟ್ಟೆಯ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷ; ಗಟ್ಟಿ ಚಿಪ್ಪಿನ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ಬೆಣಚುಕಲ್ಲು, ಬಳಪದ ಕಲ್ಲು, ಕಾಗೆಬಂಗಾರ ಎಂದು ಕಂಡದ್ದಕ್ಕೆಲ್ಲ ಹೆಸರಿಟ್ಟ ಇಲ್ಲಿನ ಆಡುಮಾತು ಫಾಸಿಲ್‌ಗೆ ಹೆಸರಿಡದಿರುವುದಕ್ಕೆ ಇದೇ ಕಾರಣವಿರಬೇಕು.

ಮಕ್ಕಳು ಓಡಿಬಂದು ತೋರಿಸುವುದು ಬೇರೊಂದನ್ನು. ಸೀಳಿದ ಕಲ್ಲಿನ ಮುಖದ ಮೇಲೆ ಜರೀಗಿಡದ ಎಲೆಯಂತೆ ಕವಲೊಡೆದ ಕಪ್ಪು ಚಿತ್ತಾರವಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅದಕ್ಕೆ ನಡುನರವಿಲ್ಲ, ತೊಟ್ಟಿಲ್ಲ, ಕವಲುಗಳು ಬಿರುಕಿನ ಅಂಚಿನಿಂದಲೇ ಹೊರಟಿರುತ್ತವೆ. ಬಿರುಕಿನೊಳಗೆ ಇಳಿದ ನೀರು ಬಿಟ್ಟುಹೋದ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡುಗಳು ಅವು. ಮಕ್ಕಳು ಇದನ್ನು ‘ಗಿಡದ ಅಚ್ಚು’ ಎನ್ನುತ್ತಾರೆ. ಒಳ್ಳೆಯ ಮಾತೇ, ಆದರೆ ನಿಜವಾದ ಎಲೆಯೊತ್ತಿ ಮೂಡಿದ ಗುರುತಿಗೆ ‘ಅಚ್ಚು’ ಮೀಸಲಾಗಿರಲಿ ಎಂಬುದು ನಮ್ಮ ಆಸೆ. ಇದಕ್ಕೆ ‘ಹುಸಿ ಪಳೆಯುಳಿಕೆ’ ಎಂಬ ಸಲಹೆ ಬಂದಿದೆ. ‘ಹುಸಿ’ ಎಂದಾಗ ಯಾರೋ ಮೋಸ ಮಾಡಿದಂತೆ ಕೇಳಿಸುವುದೊಂದೇ ಕೊರತೆ.

ಶಿವಮೊಗ್ಗ ಸಮೀಪದ ಕುಂಸಿಯ ಸುಣ್ಣಕಲ್ಲಿನಲ್ಲಿರುವ ಸ್ಟ್ರೊಮ್ಯಾಟೊಲೈಟ್‌ಗಳದು ಮತ್ತೊಂದು ಬಗೆ. 250 ಕೋಟಿ ವರ್ಷಗಳಿಗೂ ಹಿಂದೆ, ಆಳವಿಲ್ಲದ ನೀರಿನಲ್ಲಿ ಲೋಳೆಯಂತೆ ಹರಡಿದ್ದ ಸೂಕ್ಷ್ಮಜೀವಿಗಳು ಕೆಸರಿನ ಕಣಗಳನ್ನು ಹಿಡಿದಿಟ್ಟು ಪದರದ ಮೇಲೆ ಪದರ ಕಟ್ಟಿದ ರಚನೆಗಳಿವು. ಇಲ್ಲಿ ಉಳಿದಿರುವುದು ಜೀವಿಯ ಒಡಲಲ್ಲ, ಅದರ ಕೆಲಸ. ಹೀಗಾಗಿ ‘ಉಳಿಕೆ’ಗಿಂತ ‘ಜೀವಕುರುಹು’ ಮೇಲೆಂದು ನನ್ನ ಒಲವು.

ನಮ್ಮ ಕಡೆಯ ಅನೇಕ ಮನೆಗಳಿಗೆ ತಲೆಮಾರುಗಳಿಂದ ಗೊತ್ತಿರುವ ಫಾಸಿಲ್ ಎಂದರೆ ಸಾಲಿಗ್ರಾಮ. ನೇಪಾಳದ ಗಂಡಕಿ ನದಿಯಿಂದ ಬರುವ ಆ ಕರಿಗಲ್ಲಿನೊಳಗಿನ ಚಕ್ರವು ಅಮೊನೈಟ್ ಎಂಬ ಅಳಿದುಹೋದ ಕಡಲಜೀವಿಯ ಚಿಪ್ಪಿನ ಸುರುಳಿ. ಕೈಪಿಡಿಯಲ್ಲಿ ಅಮೊನೈಟ್‌ಗೆ ‘ಚಕ್ರಚಿಪ್ಪು’ ಎಂದು ಬರೆದು, ಸಾಲಿಗ್ರಾಮವನ್ನು ಉದಾಹರಣೆಯಾಗಿ ಕೊಟ್ಟರೆ ಮಕ್ಕಳಿಗೆ ತಟ್ಟನೆ ತಿಳಿದೀತು. ಪೂಜೆಯ ವಸ್ತುವನ್ನು ಹೀಗೆ ಎಳೆತರುವುದು ಸರಿಯಲ್ಲ ಎಂದು ನಮ್ಮಲ್ಲೇ ಇಬ್ಬರು ಹಿರಿಯರು ಆಕ್ಷೇಪಿಸಿದ್ದಾರೆ. ‘ಚಕ್ರಚಿಪ್ಪು’ ಎಂಬ ಪದದ ಬಗ್ಗೆಯೂ, ‘ಪಳೆಯುಳಿಕೆ’ಯನ್ನು ಫಾಸಿಲ್‌ಗೆ ಮಾತ್ರ ಸೀಮಿತಗೊಳಿಸುವುದು ಸಾಧುವೇ ಎಂಬುದರ ಬಗ್ಗೆಯೂ ಹಳೆಯ ಪ್ರಯೋಗಗಳ ಆಧಾರದೊಡನೆ ತಿಳಿಸಿಕೊಡಬೇಕೆಂದು ಕೋರುತ್ತೇನೆ.