ಗಾಡಿಯಲ್ಲಿ ಬದುಕಿದ ಮೀನು ಅಂಗಡಿ ತೊಟ್ಟಿಯಲ್ಲಿ ಸಾಯುತ್ತಿದೆ, ಯಾಕೆ?

ದಾವಣಗೆರೆ ಮೀನಂಗಡಿ:
ಎಲ್ಲರಿಗೂ ನಮಸ್ಕಾರ. ಪ್ರತಿ ಭಾನುವಾರ ಬೆಳಿಗ್ಗೆ ಹಿರಿಯೂರು ಕಡೆಯ ಹೊಂಡದಿಂದ ಜೀವಂತ ರೋಹು, ಕಾಟ್ಲಾ ತರುತ್ತೇನೆ. ಸುಮಾರು 100 ಕಿಲೋಮೀಟರ್ ದಾರಿ. ಟಾಟಾ ಏಸ್‌ನಲ್ಲಿ 500 ಲೀಟರ್ ಸಿಂಟೆಕ್ಸ್, ಬ್ಯಾಟರಿಯ ಗಾಳಿ ಪಂಪು, 40 ಕೆಜಿ ಮೀನು. ದಾರಿಯಲ್ಲಿ ಒಂದೆರಡು ಬಿಟ್ಟರೆ ಸಾಯುವುದಿಲ್ಲ. ಅಂಗಡಿಯಲ್ಲಿ ತೊಟ್ಟಿ ಚೆನ್ನಾಗಿ ಉಜ್ಜಿ ತೊಳೆದು, ಆಗಷ್ಟೇ ಬೋರ್ ಹಾಕಿ ನೀರು ತುಂಬಿಸುತ್ತೇನೆ. ಕನ್ನಡಿ ಥರ ನೀರು. ಹತ್ತೇ ನಿಮಿಷ, ಎಲ್ಲ ಮೇಲೆ ಬಂದು ಬಾಯಿ ಬಡಿಯುತ್ತವೆ. ಹೋದ ವಾರ 11 ಗಂಟೆಗೆ 14 ಮೀನು ಹೊಟ್ಟೆ ಮೇಲಾಗಿ ತೇಲಿದವು. ಗಿರಾಕಿಗಳು ಎದುರಿಗೇ ನಿಂತಿದ್ದರು. ನೀರಲ್ಲಿ ಏನು ತಪ್ಪಿದೆ?

ಹೊಂಡದ ರೈತ, ಚಳ್ಳಕೆರೆ:
ಅಣ್ಣಾ, ತಿಳಿ ನೀರು ಅಂತ ನಂಬಬೇಡಿ. ನೆಲದೊಳಗಿಂದ ಆಗಷ್ಟೇ ಬಂದ ಬೋರ್ ನೀರಲ್ಲಿ ಆಮ್ಲಜನಕ ಇರೋದೇ ಕಡಿಮೆ. ನಾನೂ ಮರಿ ಬಿಡುವಾಗ ಹೀಗೇ ಕಳಕೊಂಡಿದ್ದೇನೆ. ಶನಿವಾರ ರಾತ್ರಿಯೇ ತೊಟ್ಟಿ ತುಂಬಿಸಿ. ಪೈಪು ಎತ್ತರಕ್ಕೆ ಕಟ್ಟಿ, ಬಾಯಿಗೆ ತೂತಿನ ಡಬ್ಬಿ ಸಿಕ್ಕಿಸಿ, ಮಳೆ ಹನಿ ಥರ ಬೀಳಲಿ. ಬೆಳಗಿನವರೆಗೂ ಪಂಪು ಓಡಲಿ. ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ, ಅದು ಕಿವಿರು ಸುಡುತ್ತದೆ. ಅದನ್ನೂ ಒಂದು ದಿನ ಗಾಳಿಗೆ ಬಿಟ್ಟೇ ಬಳಸಿ.
ಒಂದು ಕೇಳ್ತೀನಿ. ಹಿಡಿಯುವ ಹಿಂದಿನ ದಿನ ಮೇವು ನಿಲ್ಲಿಸುತ್ತಾರಾ?

ದಾವಣಗೆರೆ ಮೀನಂಗಡಿ:
ಇಲ್ಲ. ಸಂಜೆಯೂ ತೌಡು, ಶೇಂಗಾ ಹಿಂಡಿ ಹಾಕುತ್ತಾರೆ. ತೂಕ ಬರಲಿ ಅಂತ ಇರಬೇಕು. ಸಿಂಟೆಕ್ಸ್ ಮುಚ್ಚಳ ತೆಗೆದರೆ ಬೆರಳುದ್ದ ಬಿಳಿ ನೊರೆ, ಕೈಲಿ ಸರಿಸಿದರೂ ಒಡೆಯುವುದಿಲ್ಲ. ವಾಸನೆಯೂ ಇದೆ. ಆ ನೀರನ್ನೂ ಮೀನಿನ ಜೊತೆ ತೊಟ್ಟಿಗೇ ಸುರಿಯುತ್ತೇನೆ.

ಅಕ್ವೇರಿಯಂ ಅಂಗಡಿ, ಚಿತ್ರದುರ್ಗ:
ಆ ನೀರು ಸುರಿಯಲೇಬೇಡಿ. ದಾರಿಯುದ್ದಕ್ಕೂ ಮೀನು ಹಾಕಿದ ಹೊಲಸಿನ ಅಮೋನಿಯಾ ಅದರಲ್ಲಿದೆ. ಮುಚ್ಚಿದ ಟ್ಯಾಂಕಲ್ಲಿ ಮೀನು ಬಿಟ್ಟ ಉಸಿರು ತುಂಬಿ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಇಳಿದಿರುತ್ತದೆ. ಪಿಎಚ್ 7 ಇದ್ದರೆ ಅಮೋನಿಯಾದಲ್ಲಿ ವಿಷದ ಪಾಲು ನೂರಕ್ಕೆ 1ಕ್ಕಿಂತ ಕಡಿಮೆ. ಅದೇ 9ಕ್ಕೆ ಏರಿದರೆ, ನಮ್ಮ ಬಿಸಿಲಿನ ನೀರಲ್ಲಿ, ಮೂರನೇ ಒಂದು ಪಾಲು ದಾಟುತ್ತದೆ. ಗಾಡಿಯಲ್ಲಿ ಸುಮ್ನೆ ಇದ್ದದ್ದು ತೊಟ್ಟಿಯಲ್ಲಿ ಗಾಳಿ ತಗುಲಿ ಪಿಎಚ್ ಏರುತ್ತಿದ್ದಂತೆ ಕೊಲ್ಲುತ್ತದೆ. ಹಾಗಾಗಿ ಬಲೆಯಲ್ಲಿ ಮೀನು ಮಾತ್ರ ಎತ್ತಿ ಬಿಡಿ. ಬಿಡುವ ಮುಂಚೆ ಎರಡೂ ನೀರಿಗೆ ಕೈ ಅದ್ದಿ ನೋಡಿ. ಒಂದು ಬಿಸಿ, ಒಂದು ತಣ್ಣಗಿದ್ದರೆ ಕಾಯಿರಿ. ಮೇವು ಒಂದು ದಿನ ಮುಂಚೆ ನಿಲ್ಲಿಸದಿದ್ದರೆ ಮೀನು ಕೊಳ್ಳುವುದಿಲ್ಲ ಅಂತ ಹೊಂಡದವರಿಗೆ ಖಡಾಖಂಡಿತ ಹೇಳಿ. ಅಂಗಡಿಯಲ್ಲೂ ಮೇವು ಬೇಡ.

ದಾವಣಗೆರೆ ಮೀನಂಗಡಿ:
ಈ ಭಾನುವಾರ ಹಾಗೇ ಮಾಡಿದೆ. ಗಾಡಿ ಟ್ಯಾಂಕಿಗೆ ಒಂದೂವರೆ ಕೆಜಿ ಕಲ್ಲುಪ್ಪೂ ಹಾಕಿದ್ದೆ, ಹೊಂಡದವರೇ ಹೇಳಿದ್ದು. ನೊರೆ ತೆಳ್ಳಗಿತ್ತು. ಸತ್ತದ್ದು 2 ಮೀನು, ಎರಡೂ ಬಲೆಗೆ ಸಿಕ್ಕಿ ಹುರುಪೆ ಕಿತ್ತುಹೋದವು. ಮಧ್ಯಾಹ್ನ 1 ಗಂಟೆಗೂ ಉಳಿದವು ತೊಟ್ಟಿಯ ತಳದಲ್ಲೇ ಓಡಾಡುತ್ತಿದ್ದವು.