ಅಪ್‌ಡೇಟ್: ಆಗುಂಬೆಯ ಚಿತ್ರಗಳಲ್ಲಿ ಕಾಣುತ್ತಿದ್ದ ಕಪ್ಪು ಚುಕ್ಕೆಗಳ ಬಗ್ಗೆ

ಆಗುಂಬೆಯಲ್ಲಿ ತೆಗೆದ ಸೂರ್ಯಾಸ್ತದ ಚಿತ್ರಗಳಲ್ಲೆಲ್ಲ ಆಕಾಶದ ಅದೇ ಜಾಗದಲ್ಲಿ ಮೂರು ಮಸುಕು ಚುಕ್ಕೆಗಳು ಕಾಣುತ್ತಿವೆ, ಇದು ಲೆನ್ಸಿನ ದೋಷವೋ, ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸಿ ಚಿತ್ರ ಮೂಡಿಸುವ ಸೆನ್ಸರಿನದೋ ಎಂದು ನಾನು ಕೇಳಿದ್ದೆ. ನೀವು ಸೂಚಿಸಿದಂತೆ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರವನ್ನು, ಬಹಳ ಕಿರಿದಾದ ಎಫ್/22ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಚಿತ್ರ ತೆಗೆದೆ. ಲೆನ್ಸ್ ಬದಲಿಸಿದರೂ ಚುಕ್ಕೆಗಳು ಕದಲಲಿಲ್ಲ. ರಂಧ್ರವನ್ನು ಎಫ್/4ಕ್ಕೆ ಹಿಗ್ಗಿಸಿದಾಗ ಬಹುತೇಕ ಮಾಯವಾದವು. ಹಾಗಾಗಿ ಧೂಳು ಸೆನ್ಸರಿನ ಮುಂದಿನ ಗಾಜಿನ ಮೇಲಿದೆ ಎಂಬುದು ಖಚಿತವಾಯಿತು.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಮೆನುವಿನ ಮೂಲಕ ಸೆನ್ಸರಿನ ಮುಂದಿರುವ ಕನ್ನಡಿಯನ್ನು ಮೇಲೆತ್ತಿ, ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿ ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಹಾಯಿಸಿದಾಗ ಎರಡು ಚುಕ್ಕೆಗಳು ಹೋದವು. ಮೂರನೆಯದು ಅಂಟಿಕೊಂಡಿತ್ತು. ಅದಕ್ಕಾಗಿ ಸೆನ್ಸರಿನ ಅಗಲಕ್ಕೆ ಸರಿಹೊಂದುವ ಸ್ವಾಬ್ (ಒರೆಸುವ ಕಡ್ಡಿ) ತಂದು, ಎರಡು ಹನಿ ಶುಚಿಗೊಳಿಸುವ ದ್ರಾವಣ ಹಾಕಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಮ್ಮೆ ಮಾತ್ರ ಒರೆಸಿದೆ. ಬಾಯಿಂದ ಊದಬೇಡಿ ಎಂದು ಎಚ್ಚರಿಸಿದವರಿಗೆ ನಾನು ವಿಶೇಷವಾಗಿ ಕೃತಜ್ಞನಾಗಿದ್ದೇನೆ. ಏಕೆಂದರೆ ನಾನು ಮೊದಲು ಮಾಡಲು ಹೊರಟಿದ್ದು ಅದನ್ನೇ, ಮತ್ತು ಎಂಜಲಿನ ತುಂತುರು ಅಲ್ಲಿ ಒಣಗಿದರೆ ಅದರ ಕಲೆಯನ್ನು ತೆಗೆಯುವುದು ಧೂಳಿಗಿಂತ ಕಷ್ಟ.

ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಬೆಳೆಯುವ ಭಯವಿರುವುದರಿಂದ, ಈಗ ಕ್ಯಾಮೆರಾವನ್ನು ಚರ್ಮದ ಚೀಲದಿಂದ ತೆಗೆದು, ತೇವ ಹೀರುವ ಸಿಲಿಕಾ ಜೆಲ್ ಮತ್ತು ಆರ್ದ್ರತಾಮಾಪಕವಿರುವ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇಂದು ಬೆಳಿಗ್ಗೆ ಮಾಪಕ ಶೇಕಡಾ 45 ಆರ್ದ್ರತೆ ತೋರಿಸುತ್ತಿತ್ತು.